ಶೆಟ್ಟಿಹಳ್ಳಿಯ ಚರ್ಚು ಯಾರದು?

ಸಕಲೇಶಪುರ, ಆಲೂರುಗಳ ಗುಡ್ಡಸೀಮೆಯಲ್ಲಿ ಸ್ವಲ್ಪ ಹಳೆಯದಾದ ಯಾವ ವಸ್ತುವನ್ನು ತೋರಿಸಿ ಕೇಳಿದರೂ ‘ಅದು ದೊರೆಗಳ ಕಾಲದ್ದು’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಹೆಂಚಿನ ಬಂಗಲೆ ದೊರೆಗಳದು. ತೋಟದೊಳಗಿನ ಸುತ್ತುದಾರಿ ದೊರೆಗಳದು. ಸಿಲ್ವರ್ ಓಕ್ ಮರಗಳ ಸಾಲು ದೊರೆಗಳು ನೆಡಿಸಿದ್ದು. ಐಗೂರಿನ ಪಾಳೆಯಗಾರರ ಕಾಲದ ಕಲ್ಲುಗಳಿಗೂ ಕೆಲವರು ದೊರೆಗಳ ಹೆಸರನ್ನೇ ಅಂಟಿಸಿಬಿಡುವುದುಂಟು. ತೋಟಗಳನ್ನು ಮಾಡಿದವರು ಯಾರು, ಬುಟ್ಟಿ ಹೊತ್ತವರು ಯಾರು ಎಂದು ವಿಚಾರಿಸುವ ಪದ್ಧತಿ ನಮ್ಮಲ್ಲಿ ಕಡಮೆ. ಬಿಳಿಯರು ಹೋಗಿ ಮುಕ್ಕಾಲು ಶತಮಾನ ಕಳೆದರೂ ಗತಕಾಲದ ಯಜಮಾನಿಕೆಯನ್ನು ಅವರಿಗೇ ಬಿಟ್ಟುಕೊಟ್ಟಿದ್ದೇವೆ.

ಈ ಮಾತನ್ನು ನನಗೆ ಬಲವಾಗಿ ನೆನಪಿಗೆ ತಂದದ್ದು ಶೆಟ್ಟಿಹಳ್ಳಿಯ ಚರ್ಚು. ಹಾಸನದಿಂದ ಗೊರೂರಿನ ಕಡೆಗೆ ಹನ್ನೆರಡು ಹದಿಮೂರು ಮೈಲಿ ಹೋದರೆ, ಹೇಮಾವತಿ ಜಲಾಶಯದ ಹಿನ್ನೀರಿನ ದಂಡೆಯಲ್ಲಿ, ಮಾಡಿಲ್ಲದ, ಬಾಗಿಲಿಲ್ಲದ ಒಂದು ದೊಡ್ಡ ದೇವಾಲಯ ಸಿಕ್ಕುತ್ತದೆ. ಮಳೆಗಾಲದಲ್ಲಿ ಮುಳುಗುತ್ತದೆ, ಬೇಸಗೆಯಲ್ಲಿ ಮೇಲೇಳುತ್ತದೆ. ‘ಮುಳುಗುವ ಚರ್ಚು’ ಎಂದೇ ಈಗ ಅದರ ಖ್ಯಾತಿ. ಭಾನುವಾರ ಬಂದರೆ ಬೆಂಗಳೂರಿನ ಕಾರುಗಳು ಸಾಲುಗಟ್ಟುತ್ತವೆ. ಪ್ರವಾಸಿಗಳಿಗೆಂದು ಬರೆದ ಬರಹಗಳಲ್ಲೆಲ್ಲ ಒಂದೇ ವಾಕ್ಯವನ್ನು ಒಬ್ಬರಿಂದೊಬ್ಬರು ಎತ್ತಿಕೊಂಡಿದ್ದಾರೆ: 1860ರ ಸುಮಾರಿನಲ್ಲಿ, ಆಲೂರು ಸಕಲೇಶಪುರಗಳ ಶ್ರೀಮಂತ ಇಂಗ್ಲಿಷ್ ತೋಟಗಾರರಿಗಾಗಿ, ಫ್ರೆಂಚ್ ಪಾದ್ರಿಗಳು ಇದನ್ನು ಕಟ್ಟಿದರು ಎಂದು. ಕಾಲವನ್ನೂ ಕಟ್ಟಿಸಿದವರನ್ನೂ ಒಪ್ಪುತ್ತೇನೆ. ನಡುವಿನ ಆ ‘ತೋಟಗಾರರಿಗಾಗಿ’ ಎಂಬ ಒಂದು ಪದ ನನಗೆ ಗಂಟಲಿಗೆ ಇಳಿಯದು.

ಮೊದಲು ಕಟ್ಟಡದ ಮಾತು. ನಾನು ಅಲ್ಲಿಗೆ ಹೋದದ್ದು ಒಂದು ಸಲ ಮಾಘದ ಬಿಸಿಲಿನಲ್ಲಿ, ಇನ್ನೊಂದು ಸಲ ಆಶ್ವಯುಜದಲ್ಲಿ. ಮಾಘದಲ್ಲಿ ನೀರು ದೂರ ಸರಿದಿತ್ತು. ಬಿರುಕುಬಿಟ್ಟ ಕೆಸರಿನ ಮೇಲೆ ನಡೆದು ಒಳಗೆ ಹೋಗಬಹುದಾಗಿತ್ತು. ಎರಡು ಪಕ್ಕದಲ್ಲೂ ಮೊನಚಾದ ಕಮಾನುಗಳು. ಇದೇ ಯೂರೋಪಿನ ಗಾಥಿಕ್ ಶೈಲಿಯ ಗುರುತು. ಅರ್ಧಚಂದ್ರದಂತೆ ದುಂಡಾಗಿರದೆ, ಎರಡು ಕೈಗಳನ್ನು ಮುಗಿದಂತೆ ಮೇಲಕ್ಕೆ ಹೋಗಿ ಕೂಡುವ ಕಮಾನು. ಭಾರವನ್ನು ಅದು ಕೆಳಕ್ಕೆ ಇಳಿಸಿಬಿಡುವುದರಿಂದ ಗೋಡೆಯನ್ನು ಎತ್ತರಿಸಬಹುದು, ಉದ್ದುದ್ದನೆಯ ಕಿಟಕಿಗಳನ್ನು ತೆರೆಯಬಹುದು. ಹನ್ನೆರಡನೆಯ ಶತಮಾನದಲ್ಲಿ ಪ್ಯಾರಿಸಿನ ಬಳಿಯ ಸೇಂಟ್ ಡೆನಿಸ್ ದೇವಾಲಯದಲ್ಲಿ ಬೆಳಕಿಗೆ ಬಂದ ಈ ಉಪಾಯ ಏಳು ನೂರು ವರ್ಷಗಳ ಮೇಲೆ ನಮ್ಮ ರಾಗಿಹೊಲದ ನಡುವೆ ಬಂದು ನಿಂತಿತು. ಅದಕ್ಕೂ ಕಾರಣವುಂಟು. 1844ರಿಂದ ಇಪ್ಪತ್ತು ವರ್ಷಗಳ ಕಾಲ ಪ್ಯಾರಿಸಿನ ನಾತ್ರದಾಮ್ ದೇವಾಲಯದ ಜೀರ್ಣೋದ್ಧಾರ ನಡೆಯುತ್ತಿತ್ತು. ಗಾಥಿಕ್ ಶೈಲಿಯ ಮೇಲಿನ ಮೋಹ ಫ್ರಾನ್ಸಿನಲ್ಲಿ ಮತ್ತೆ ಉಕ್ಕಿದ ಕಾಲ ಅದು. ಆಗ ಅಲ್ಲಿಂದ ಬಂದ ಪಾದ್ರಿಗೆ ದೇವರ ಮನೆಯೆಂದರೆ ಹಾಗೆಯೇ ಇರಬೇಕೆಂದು ತೋರಿದ್ದರೆ ಆಶ್ಚರ್ಯವೇನು?

ಆದರೆ ಫ್ರಾನ್ಸಿನಲ್ಲಿ ಅದು ಕಲ್ಲಿನ ಕೆಲಸ. ಇಲ್ಲಿ ಇಟ್ಟಿಗೆ ಮತ್ತು ಗಾರೆಯ ಕೆಲಸ. ಗಾರೆಗೆ ಬೆಲ್ಲ ಮತ್ತು ಕೋಳಿಮೊಟ್ಟೆಯನ್ನು ಬೆರೆಸಿದ್ದರೆಂದೂ ಆದ್ದರಿಂದಲೇ ಗೋಡೆಗಳು ಇಷ್ಟು ವರ್ಷ ನೀರನ್ನು ತಡೆದುಕೊಂಡಿವೆಯೆಂದೂ ಅಲ್ಲಿ ಎಲ್ಲರೂ ಹೇಳುತ್ತಾರೆ. ಸುಣ್ಣದ ಗಾರೆಗೆ ಬೆಲ್ಲದ ನೀರನ್ನು ಹಾಕಿ ಅರೆಯುವುದು ದಕ್ಷಿಣ ದೇಶದ ಹಳೆಯ ಪದ್ಧತಿಯೇ. ಮೊಟ್ಟೆಯ ಬಿಳಿಯನ್ನು ಬಳಸುತ್ತಿದ್ದದ್ದು ಮುಖ್ಯವಾಗಿ ಮೇಲಿನ ಕೊನೆಯ ಗಿಲಾವಿಗೆ, ಹೊಳಪು ಬರಲೆಂದು. ಮದರಾಸಿನ ಗಾರೆಗೆ ಆ ಹೊಳಪಿನಿಂದಲೇ ಹೆಸರು ಬಂದದ್ದು. ಆದಕಾರಣ ಗೋಡೆಯ ಬಲವನ್ನೆಲ್ಲ ಕೋಳಿಮೊಟ್ಟೆಗೆ ಒಪ್ಪಿಸುವುದು ನ್ಯಾಯವಲ್ಲ. ಬಲ ಇರುವುದು ಸುಣ್ಣವನ್ನು ಹದಮಾಡಿ ಅರೆದವರ ತಾಳ್ಮೆಯಲ್ಲಿ. ಅರೆದವರು ಯಾರು? ಊರಿನವರಲ್ಲದೆ ಇನ್ನಾರು?

ಈಗ ಇತಿಹಾಸಕ್ಕೆ ಬರೋಣ. 1792ರಲ್ಲಿ ಎರಡು ಸಂಗತಿಗಳು ನಡೆದವು. ಸಕಲೇಶಪುರದ ಬಳಿಯ ಗುಡ್ಡದ ಮೇಲೆ ಟಿಪ್ಪು ಸುಲ್ತಾನ ನಕ್ಷತ್ರದಾಕಾರದ ಮಂಜರಾಬಾದ್ ಕೋಟೆಯನ್ನು ಕಟ್ಟಿಸಿದ. ಅದರ ನಕ್ಷೆ ಫ್ರೆಂಚ್ ಮಾದರಿಯದು. ಅದೇ ವರ್ಷ, ಫ್ರಾನ್ಸಿನಲ್ಲಿ ಕ್ರಾಂತಿಯ ಬೆಂಕಿ ಉರಿಯುತ್ತಿದ್ದಾಗ, ಜಾನ್ ಆಂತ್ವಾನ್ ದ್ಯುಬ್ವಾ ಎಂಬ ಇಪ್ಪತ್ತಾರು ವಯಸ್ಸಿನ ಪಾದ್ರಿ ದೇಶ ಬಿಟ್ಟು ಇಂಡಿಯಕ್ಕೆ ಹೊರಟ. ಒಂದೇ ದೇಶದ ಎರಡು ವಿದ್ಯೆಗಳು, ಕೋಟೆಯ ವಿದ್ಯೆ ಮತ್ತು ಮಠದ ವಿದ್ಯೆ, ನಮ್ಮ ಸೀಮೆಯನ್ನು ಹೀಗೆ ಹೊಕ್ಕವು. ನಮ್ಮವರು ಅಬ್ಬೆ ದುಬಾಯ್ ಎಂದು ಕರೆಯುವುದು ಇವನನ್ನೇ. ‘ಹಿಂದೂಗಳ ಆಚಾರ ವ್ಯವಹಾರ’ಗಳನ್ನು ಕುರಿತ ದೊಡ್ಡ ಪುಸ್ತಕದ ಕರ್ತನೆಂದು ಕಾಲೇಜಿನ ಹುಡುಗರೂ ಅವನ ಹೆಸರನ್ನು ಕೇಳಿರುತ್ತಾರೆ. ಆ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿಯವರು ಎರಡು ಸಾವಿರ ವರಹ ಕೊಟ್ಟು ಕೊಂಡರು. 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಯಿತು. ಅದರಲ್ಲಿನ ಬಹುಭಾಗ ಅವನಿಗಿಂತ ಹಿಂದಿನ ಕೂರ್ದು ಎಂಬ ಜೆಸ್ಯೂಟ್ ಪಾದ್ರಿಯ ಬರಹವೆಂದು 1987ರಲ್ಲಿ ಸಿಲ್ವಿಯಾ ಮುರ್ ಎಂಬ ವಿದುಷಿ ತೋರಿಸಿಕೊಟ್ಟಳು. ಆ ಜಗಳ ಇಲ್ಲಿ ಬೇಡ. ಪುಸ್ತಕದ ಕೀರ್ತಿ ಹೋದರೂ ಅವನ ಕೆಲಸದ ಕೀರ್ತಿ ಹೋಗುವುದಿಲ್ಲ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದಮೇಲೆ, ಟಿಪ್ಪುವಿನ ಕಾಲದಲ್ಲಿ ಚೆದರಿಹೋಗಿದ್ದ ಮೈಸೂರು ಸೀಮೆಯ ಕ್ರೈಸ್ತರನ್ನು ಒಟ್ಟುಗೂಡಿಸುವುದಕ್ಕಾಗಿ ದ್ಯುಬ್ವಾ ಇಲ್ಲಿಗೆ ಬಂದ. ರುಮಾಲು ಸುತ್ತಿ, ನಿಲುವಂಗಿ ತೊಟ್ಟು, ಮಾಂಸ ಬಿಟ್ಟು ಊರೂರು ತಿರುಗಿದ. ಜನ ಅವನನ್ನು ‘ದೊಡ್ಡ ಸ್ವಾಮಿಯವರು’ ಎಂದು ಕರೆದರು. ಚೆದರಿದವರಿಗೆ ಉಪದೇಶಕ್ಕಿಂತ ಮೊದಲು ಬೇಕಾದದ್ದು ಹೊಲ ಎಂಬುದನ್ನು ಅವನು ಕಂಡುಕೊಂಡದ್ದು ದೊಡ್ಡ ಮಾತು. ಬೇಸಾಯದ ವಸತಿಗಳನ್ನು ಏರ್ಪಡಿಸಿದ. ಅವುಗಳಲ್ಲಿ ಮುಖ್ಯವಾದದ್ದು ಹಾಸನದ ಸಮೀಪದಲ್ಲಿ; ಇಂಗ್ಲಿಷ್ ಪುಸ್ತಕಗಳಲ್ಲಿ ಅದರ ಹೆಸರು ‘ಸಾಥಳ್ಳಿ’ ಎಂದಿದೆ. ಸಿಡುಬಿನ ದೇವಿ ಹಾಕಿಸುವುದಕ್ಕೆ ಜನ ಹೆದರುತ್ತಿದ್ದಾಗ ತಾನೇ ಮುಂದೆ ನಿಂತು, 1803–04ರ ಹೊತ್ತಿಗೆ ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ಮಂದಿಗೆ ಹಾಕಿಸಿದ. ಇಷ್ಟು ದುಡಿದವನು ಕೊನೆಗೆ ಬರೆದದ್ದೇನು? ಇಪ್ಪತ್ತೈದು ವರ್ಷಗಳಲ್ಲಿ ತಾನು ಹೊಸದಾಗಿ ಮತಕ್ಕೆ ತಂದವರು ಇನ್ನೂರು ಮುನ್ನೂರು ಮಂದಿ ಮಾತ್ರ. ಈ ದೇಶದಲ್ಲಿ ಆ ಪ್ರಯತ್ನಕ್ಕೆ ಫಲವಿಲ್ಲ ಎಂದು. 1823ರ ಜನವರಿಯಲ್ಲಿ ಅವನು ಇಂಡಿಯವನ್ನು ಬಿಟ್ಟ. 1848ರಲ್ಲಿ ಪ್ಯಾರಿಸಿನಲ್ಲಿ ತೀರಿಕೊಂಡ.

ಶೆಟ್ಟಿಹಳ್ಳಿಯ ಚರ್ಚನ್ನು ದುಬಾಯ್ ಕಟ್ಟಿಸಿದನೆಂದು ಹೇಳುವವರೂ ಇದ್ದಾರೆ. ಅವನು ಹಡಗು ಹತ್ತಿ ಸುಮಾರು ನಲವತ್ತು ವರ್ಷವಾದ ಮೇಲೆ ಎದ್ದ ಕಟ್ಟಡ ಇದು; ಅವನ ಕಣ್ಣಿಗೆ ಬಿದ್ದಿರಲಾರದು. ಆದರೆ ಚರ್ಚು ಏಳಬೇಕಾದರೆ ಮೊದಲು ಊರು ಇರಬೇಕಷ್ಟೆ. ಹಾಸನ ಸೀಮೆಯಲ್ಲಿ ನೇಗಿಲು ಹಿಡಿದ ಕ್ರೈಸ್ತರ ಊರುಗಳು ನಿಂತದ್ದು ಅವನ ಕಾಲದಲ್ಲಿ. ಆ ರೈತರ ಮಕ್ಕಳು, ಮೊಮ್ಮಕ್ಕಳು ಕೈಗೂಡಿದಮೇಲೆ ಎದ್ದದ್ದು ಈ ಜಪಮಾಲೆ ಮಾತೆಯ ದೇವಾಲಯ ಎಂದು ನಾನು ಓದುತ್ತೇನೆ.

ದೊರೆಗಳ ಪಕ್ಷವನ್ನೂ ಕೇಳಬೇಕಲ್ಲವೆ? ಕೇಳೋಣ. ಮಂಜರಾಬಾದಿನಲ್ಲಿ ಮೊದಲು ಕಾಫಿತೋಟ ಹಾಕಿದ ಬಿಳಿಯ ಗ್ರೀನ್ ಎಂಬುವನು, ಕಾಲ 1843. ಸ್ಕಾಟ್ಲೆಂಡಿನ ರಾಬರ್ಟ್ ಎಲಿಯಟ್ ಬಂದದ್ದು 1855ರ ಸುಮಾರಿನಲ್ಲಿ; ಬಂಗಾರ, ಬೇಟೆ, ಕಾಫಿ ಮೂರನ್ನೂ ಸೇರಿಸಿ ಅವನು ಬರೆದ ಸ್ವಾರಸ್ಯವಾದ ಪುಸ್ತಕ 1894ರಲ್ಲಿ ಹೊರಬಂದಿತು. ಚರ್ಚು ಎದ್ದ ಕಾಲಕ್ಕೆ ಈ ಗುಡ್ಡಗಳಲ್ಲಿ ಇಂಥ ತೋಟಗಾರರು ಬೆರಳೆಣಿಕೆಯಷ್ಟು. ಅವರು ಇಂಗ್ಲೆಂಡು, ಸ್ಕಾಟ್ಲೆಂಡುಗಳ ಮಂದಿ, ಬಹುಪಾಲು ಪ್ರಾಟೆಸ್ಟೆಂಟರು. ರೋಮಿನ ಪೋಪರನ್ನು ಒಪ್ಪದವರು, ಮಾತೆ ಮೇರಿಯ ಜಪಮಾಲೆಯನ್ನು ಎಣಿಸದವರು. ಅವರ ಪಾಲಿಗೆ ಫ್ರೆಂಚ್ ಪಾದ್ರಿಯ ಲ್ಯಾಟಿನ್ ಪೂಜೆ ನಮ್ಮ ಮಾಧ್ವರ ಮಠದಲ್ಲಿ ಶೈವರು ಪಂಕ್ತಿಗೆ ಕುಳಿತಷ್ಟೇ ಸಲೀಸು. ಇನ್ನು ದೂರ. ಸಕಲೇಶಪುರದಿಂದ ಆಲೂರು, ಹಾಸನಗಳನ್ನು ದಾಟಿ ಶೆಟ್ಟಿಹಳ್ಳಿಗೆ ಸುಮಾರು ಮೂವತ್ತೈದು ಮೈಲಿ. ಇಂದು ಒಂದೂವರೆ ಗಂಟೆಯ ದಾರಿ. ಅಂದು ಕುದುರೆಯ ಮೇಲೆ ಒಂದು ದಿನ, ಎತ್ತಿನ ಗಾಡಿಯಲ್ಲಿ ಎರಡು ದಿನ. ಭಾನುವಾರದ ಪ್ರಾರ್ಥನೆಗೆ ಶುಕ್ರವಾರವೇ ಹೊರಡುವಂಥ ಭಕ್ತಿ ಕಾಫಿ ತೋಟಗಾರನಿಗೆ ಇದ್ದಿತೆಂದು ನಂಬುವುದು ಕಷ್ಟ. ಎಲಿಯಟ್ಟನ ಪುಸ್ತಕದಲ್ಲಿ ಹುಲಿಗೆ ಸಿಕ್ಕಿರುವ ಗೌರವವನ್ನು ನೋಡಿದರೆ ಇನ್ನೂ ಕಷ್ಟ. ಯಾರಾದರೂ ಒಬ್ಬಿಬ್ಬರು ದೊರೆಗಳು ಹಣ ಕೊಟ್ಟಿರಬಾರದೆಂದೇನೂ ಇಲ್ಲ. ದಾನ ಕೊಟ್ಟವನಿಗಾಗಿಯೇ ಗುಡಿ ಕಟ್ಟಿದರೆಂದು ನಮ್ಮ ಶಾಸನಗಳನ್ನು ಓದಿದವರು ಹೇಳುವುದಿಲ್ಲ.

ಕಟ್ಟಡದ ಅಳತೆಯೂ ಸಾಕ್ಷಿಯೇ. ಹತ್ತು ಹನ್ನೆರಡು ಸಂಸಾರಗಳ ದೊರೆಗಳಿಗೆ ಇಷ್ಟು ಅಗಲವಾದ ಅಂಗಳ ಏಕೆ? ಕುರ್ಚಿ ಹಾಕಿ ಕೂರುವವರಿಗಲ್ಲ, ಚಾಪೆಯ ಮೇಲೆ ಒತ್ತಾಗಿ ಕೂರುವ ಹಳ್ಳಿಯ ಜನರಿಗೆ ಮಾಡಿದ ಜಾಗ ಅದು ಎಂದು ನಡುವೆ ನಿಂತಾಗ ನನಗೆ ತೋರಿತು.

ಕನ್ನಡ ಮೇಷ್ಟರಾದ ನನಗೆ ಇನ್ನೊಂದು ಪುರಾವೆಯ ಮೇಲೆ ಹೆಚ್ಚು ಭರವಸೆ. ಆಗ ಮೈಸೂರು ಸೀಮೆಯ ಕಥೋಲಿಕರ ಮುಖ್ಯಗುರುವಾಗಿದ್ದ ಬಿಷಪ್ ಷಾರ್ಬೊನೊ ಮತ್ತು ಅವರ ಜೊತೆಯ ಫ್ರೆಂಚ್ ಪಾದ್ರಿಗಳು ಬೆಂಗಳೂರಿನ ತಮ್ಮ ಮುದ್ರಣಾಲಯದಲ್ಲಿ ಕನ್ನಡ–ಲ್ಯಾಟಿನ್ ನಿಘಂಟನ್ನು 1855ರಲ್ಲಿಯೂ ಲ್ಯಾಟಿನ್–ಕನ್ನಡ ನಿಘಂಟನ್ನು 1861ರಲ್ಲಿಯೂ ಅಚ್ಚುಮಾಡಿಸಿದರು. ಕಿಟ್ಟೆಲ್ಲರ ನಿಘಂಟು ಬಂದದ್ದು 1894ರಲ್ಲಿ; ಅದನ್ನು ನಾವು ತಲೆಯ ಮೇಲೆ ಹೊತ್ತುಕೊಂಡಿದ್ದೇವೆ, ಅದು ಸರಿಯೆ. ಈ ಹಳೆಯ ನಿಘಂಟುಗಳನ್ನು ಮಾತ್ರ ನಮ್ಮ ತರಗತಿಗಳಲ್ಲಿ ಹೆಸರಿಸುವವರಿಲ್ಲ. ಇಂಗ್ಲಿಷ್ ತೋಟಗಾರರ ಆತ್ಮೋದ್ಧಾರವೇ ಗುರಿಯಾಗಿದ್ದರೆ ಫ್ರೆಂಚ್ ಪಾದ್ರಿ ಕನ್ನಡದ ಒಂದೊಂದು ಮಾತಿಗೂ ಲ್ಯಾಟಿನ್ ಅರ್ಥ ಹುಡುಕುತ್ತ ಕಣ್ಣು ಕೆಡಿಸಿಕೊಳ್ಳಬೇಕಾಗಿರಲಿಲ್ಲ. ಎದುರಿಗೆ ಕುಳಿತ ಜನ ಕನ್ನಡದವರು.

ಹೇಮಾವತಿ ಹುಟ್ಟುವುದು ಮೂಡಿಗೆರೆ ತಾಲ್ಲೂಕಿನ ಜಾವಳಿಯ ಬಳಿ. ಸಕಲೇಶಪುರವನ್ನು ಹಾದು ಗೊರೂರಿನತ್ತ ಇಳಿಯುತ್ತದೆ. ಆ ನದಿಯ ದಡದ ಬದುಕನ್ನು ಕನ್ನಡಿಗರಿಗೆಲ್ಲ ತಿಳಿಸಿದವರು ಗೊರೂರು ರಾಮಸ್ವಾಮಿ ಅಯ್ಯಂಗಾರರು. ‘ಹೇಮಾವತಿ’ ಎಂಬುದು ಅವರ ಒಂದು ಪುಸ್ತಕದ ಹೆಸರೇ ಆಗಿದೆ. ಅವರ ಊರಿನ ಬಳಿಯೇ ಅಣೆಕಟ್ಟು ಎದ್ದಿತು. ಪೂರ್ಣವಾದದ್ದು 1979ರಲ್ಲಿ. ಪೂರ್ಣಮಟ್ಟ ಸಮುದ್ರಮಟ್ಟದಿಂದ 2,922 ಅಡಿ. ತುಂಬಿದರೆ 37 ಟಿ.ಎಂ.ಸಿ. ನೀರು. ಹಾಸನ, ಮಂಡ್ಯ, ತುಮಕೂರು ಜಿಲ್ಲೆಗಳ ಹೊಲಗಳು ಆ ನೀರನ್ನು ಕುಡಿದಿವೆ. ಹಾಸನ–ಮಂಗಳೂರು ರೈಲು ದಾರಿ ಮುಗಿದು ಗಾಡಿ ಓಡಿದ್ದೂ ಅದೇ 1979ರಲ್ಲಿ. ಒಂದು ಕೈಯಲ್ಲಿ ಘಟ್ಟ ತೆರೆಯಿತು, ಇನ್ನೊಂದು ಕೈಯಲ್ಲಿ ಬಯಲು ಮುಚ್ಚಿತು. ಅಣೆಕಟ್ಟನ್ನು ನಾನು ಹಳಿಯುವವನಲ್ಲ. ಒಣಗಿದ ನೆಲಕ್ಕೆ ನೀರು ತಂದ ಕೆಲಸವನ್ನು ಹಳಿಯುವುದು ಹೊಟ್ಟೆ ತುಂಬಿದವರ ಚಪಲ. ಬೆಲೆ ಕೊಟ್ಟವರ ಹೆಸರನ್ನು ಲೆಕ್ಕದಲ್ಲಿ ಬರೆಯಬೇಕೆಂಬಷ್ಟೇ ನನ್ನ ಮಾತು. ಹೇಮಾವತಿಯ ಹಿನ್ನೀರು ಹಾಸನ, ಆಲೂರುಗಳ ಕಡೆ ಹಲವು ಹಳ್ಳಿಗಳನ್ನು ನುಂಗಿತು. ಎಲ್ಲ ಜಾತಿಯವರ ಗುಡಿ, ಗದ್ದೆ, ಗೋರಿಗಳೂ ಹೋದವು. ಶೆಟ್ಟಿಹಳ್ಳಿಯ ಜನ ಎದ್ದು ಹೋಗಿ ಮರಿಯಾನಗರವೆಂಬ ಹೊಸ ಊರನ್ನು ಮಾಡಿಕೊಂಡರು. ಚರ್ಚಿನ ಗೋಡೆಗಳು ಅಲ್ಲೇ ಉಳಿದವು.

ದೇವಾಲಯ ನೀರಿಗೆ ಹೋದದ್ದು ನಮ್ಮಲ್ಲಿ ಇದೇ ಮೊದಲಲ್ಲ. ಹೇಮಾವತಿಯ ನೀರು ಕೊನೆಗೆ ಸೇರುವ ಕೃಷ್ಣರಾಜಸಾಗರದಲ್ಲಿ ಹಳೆಯ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಸ್ಥಾನ ಮುಳುಗಿತ್ತು. ಬರಗಾಲದಲ್ಲಿ ಮಾತ್ರ ಕಾಣುತ್ತಿತ್ತು. ಈ ಶತಮಾನದಲ್ಲಿ ಅದನ್ನು ಕಲ್ಲುಕಲ್ಲಾಗಿ ಬಿಚ್ಚಿ ದಡದ ಮೇಲೆ ತಂದು ಜೋಡಿಸಿದರು. ಹೊಯ್ಸಳರ ಕಲ್ಲಿಗೆ ಈ ಅನುಕೂಲವುಂಟು. ಇಟ್ಟಿಗೆ ಗಾರೆಯ ಗೋಡೆಯನ್ನು ಬಿಚ್ಚಿದರೆ ಕೈಯಲ್ಲಿ ಉಳಿಯುವುದು ಮಣ್ಣು.

ಆಶ್ವಯುಜದಲ್ಲಿ ಹೋದಾಗ ನನ್ನ ಜೊತೆಗಿದ್ದ ಒಬ್ಬ ವಿದ್ಯಾರ್ಥಿ ಫೋನಿನಲ್ಲಿ ಒಂದು ಚಿತ್ರವನ್ನು ತೋರಿಸಿದ. ‘ಸಾರ್, ಇದೂ ನಮ್ಮ ಚರ್ಚಿನ ಹಾಗೇ ಇದೆ’ ಎಂದ. ವಿಸ್ತಾರವಾದ ನೀರಿನ ನಡುವೆ ನಿಂತ, ಐದು ಅಂತಸ್ತಿನ ಬಿಳಿಯ ಗಂಟೆಗೋಪುರ. ರಷ್ಯದ ವೋಲ್ಗಾ ನದಿಯ ಮೇಲಿನ ಕಲ್ಯಾಜಿನ್ ಎಂಬ ಊರಿನದು. ಅಲ್ಲಿ ಆರ್ಥೊಡಾಕ್ಸ್ ಪಂಥದ ಸಂತ ನಿಕೊಲಸನ ದೊಡ್ಡ ದೇವಾಲಯವಿತ್ತು. ಅದರ ಪಕ್ಕದಲ್ಲಿ 1796ರಿಂದ 1800ರವರೆಗೆ ಕಟ್ಟಿದ, ಸುಮಾರು 245 ಅಡಿ ಎತ್ತರದ ಈ ಗೋಪುರ. ಉಗ್ಲಿಚ್ ಅಣೆಕಟ್ಟಿಗಾಗಿ 1939–40ರಲ್ಲಿ ಹಳೆಯ ಊರನ್ನು ಮುಳುಗಿಸಿದಾಗ ಸೋವಿಯತ್ ಸರಕಾರ ದೇವಾಲಯವನ್ನು ಕೆಡವಿತು, ಗೋಪುರ ನಿಂತಿತು. ರಷ್ಯದ ಆರ್ಥೊಡಾಕ್ಸ್ ಕ್ರೈಸ್ತರು ರೋಮಿನಿಂದ ಬೇರೆಯಾಗಿ ಸಾವಿರ ವರ್ಷಕ್ಕೆ ಹತ್ತಿರವಾಯಿತು. ಫ್ರೆಂಚ್ ಪಾದ್ರಿಗಳಿಗೂ ಅವರಿಗೂ ಪೂಜೆಯಲ್ಲಿ, ಶಿಲ್ಪದಲ್ಲಿ ಹೊಂದಿಕೆಯಿಲ್ಲ. ನೀರಿಗೆ ಆ ಭೇದ ಗೊತ್ತಾಗುವುದಿಲ್ಲ. ಆದರೆ ಮನುಷ್ಯರು ಮಾಡಿದ ಒಂದು ಭೇದವುಂಟು. ಕಲ್ಯಾಜಿನ್ನಿನ ಗೋಪುರ ಬಾಗೀತೆಂದು ಹೆದರಿ, 1980ರ ದಶಕದಲ್ಲಿ ಅದರ ಬುಡದ ಸುತ್ತ ಮಣ್ಣಿನ ದಿಬ್ಬವನ್ನು ಕಟ್ಟಿ ಒಂದು ಪುಟ್ಟ ದ್ವೀಪವನ್ನೇ ಮಾಡಿದರು. ವರ್ಷಕ್ಕೆ ಕೆಲವು ಸಲ ಅಲ್ಲಿ ಪೂಜೆಯೂ ನಡೆಯುತ್ತದೆ. ಶೆಟ್ಟಿಹಳ್ಳಿಗೆ ಅಂಥ ದಿಬ್ಬವಿಲ್ಲ. ವರ್ಷಕ್ಕೊಮ್ಮೆ ನೆನೆದು ವರ್ಷಕ್ಕೊಮ್ಮೆ ಒಣಗುವ ಇಟ್ಟಿಗೆ ಎಷ್ಟು ಕಾಲ ಬಾಳೀತು? ಈಚಿನ ಮಳೆಗಾಲಗಳಲ್ಲಿ ಗೋಡೆಯ ಭಾಗಗಳು ಕುಸಿದಿವೆ. ನಮ್ಮ ಪ್ರವಾಸಿಗಳು ಕಮಾನುಗಳ ಮೇಲೆ ಹತ್ತಿ ಪಟ ತೆಗೆಸಿಕೊಳ್ಳುತ್ತಾರೆ. ಇನ್ನು ಕೆಲವರು ಗಾರೆಯ ಮೇಲೆ ತಮ್ಮ ಹೆಸರನ್ನು, ಪ್ರೇಯಸಿಯ ಹೆಸರನ್ನು ಕೆತ್ತಿದ್ದಾರೆ. ಕೆತ್ತುವವರಿಗೆ ‘ದೊರೆಗಳ ಹಾಳುಬಿದ್ದ ಚರ್ಚು’ ಎಂಬ ಮಾತು ಒಳ್ಳೆಯ ಪರವಾನಗಿ. ಯಾರದೂ ಅಲ್ಲದ ಗೋಡೆಯ ಮೇಲೆ ಯಾರು ಬೇಕಾದರೂ ಬರೆಯಬಹುದಲ್ಲ!

ಆ ದಿನ ಹಿಂತಿರುಗುವಾಗ ಮರಿಯಾನಗರದಲ್ಲಿ ಕಾಫಿಗೆ ನಿಂತೆವು. ಜಗಲಿಯ ಮೇಲೆ ಕುಳಿತಿದ್ದ ವೃದ್ಧರೊಬ್ಬರು, ಎಲ್ಲಿಂದ ಬಂದದ್ದು ಎಂದು ಕೇಳಿದರು. ಸಕಲೇಶಪುರ ಎಂದೆ.

‘ಓ, ದೊರೆಗಳ ಊರು’ ಎಂದು ನಕ್ಕರು. ‘ಎಲ್ಲಾರೂ ಬಂದು ಇದೇ ಹೇಳ್ತಾರೆ ಮೇಷ್ಟ್ರೆ, ಕಾಫಿ ದೊರೆಗಳಿಗೆ ಕಟ್ಟಿದ್ದು ಅಂತ. ನಮ್ಮಪ್ಪ ಅವ್ವನ ಮದುವೆ ಆಗಿದ್ದು ಅಲ್ಲೇ. ನನಗೆ ಹೆಸರಿಟ್ಟಿದ್ದೂ ಅಲ್ಲೇ. ನಾವು ಯಾವ ದೊರೆಗಳು?’

‘ಊರು ಬಿಟ್ಟಾಗ ನಿಮಗೆಷ್ಟು ವಯಸ್ಸು, ತಾತ?’ ಎಂದು ನನ್ನ ವಿದ್ಯಾರ್ಥಿ ಕೇಳಿದ.

‘ಮದುವೆಗೆ ಹೆಣ್ಣು ನೋಡ್ತಿದ್ರು ಕಣಪ್ಪ. ಅಲ್ಲಿ ಆಗ್ಬೇಕು ಅಂತ ಆಸೆ ಇತ್ತು. ನೀರು ಬಂತು.’

ಜಪಮಾಲೆ ಮಾತೆಯ ಹಬ್ಬ ಅಕ್ಟೋಬರ್ 7ರಂದು. ಆ ಹೊತ್ತಿಗೆ ಜಲಾಶಯ ಸಾಮಾನ್ಯವಾಗಿ ತುಂಬಿರುತ್ತದೆ. ಮಾತೆಯ ಹೆಸರಿನ ಹಳೆಯ ದೇವಾಲಯಕ್ಕೆ ಅವಳ ಹಬ್ಬದ ದಿನ ಕಾಲಿಡುವಂತಿಲ್ಲ. ನೀರು ಇಳಿದಮೇಲೆ ಏನು ಮಾಡುತ್ತೀರಿ ಎಂದು ಕೇಳಿದೆ. ಭಾನುವಾರ ಬಿಟ್ಟು ಬೇರೆ ದಿನ ಹೋಗುತ್ತಾರಂತೆ, ಜನ ಕಡಮೆ ಇರುವಾಗ. ಪೀಠ ಇದ್ದ ಕಡೆ ನಿಂತು ಒಂದು ಜಪ ಹೇಳಿ, ಕೆಸರಿನ ಮೇಲೆ ಬಿದ್ದಿರುವ ಇಟ್ಟಿಗೆಗಳನ್ನು ಎತ್ತಿ ಗೋಡೆಯ ಬುಡಕ್ಕೆ ಸರಿಸಿಟ್ಟು ಬರುತ್ತಾರಂತೆ.